ಮಾವನ ಬಾಯಿಗೆ ಬಂದ ಹಾಸಿಗೆ

ಹತ್ತು ಲಕ್ಷ ಎಂಬ ಅಡ್ಡಹೆಸರು ಅವನಿಗೆ ಅಂಟಿಕೊಂಡದ್ದು ಹದಿನೆಂಟನೆಯ ವಯಸ್ಸಿನಲ್ಲಿ. ಅದು ಅವನ ಆಸ್ತಿಯ ಮೊತ್ತವಲ್ಲ, ದಡ್ಡತನದ ಅಳತೆ. ಕಾಲೇಜಿನ ಕಂಪ್ಯೂಟರಿನ ಮುಂದೆ ಕೂತಿದ್ದಾಗ ಪರದೆಯ ಮೇಲೆ ಬಣ್ಣದ ಪಟ್ಟಿಯೊಂದು ಮಿಣಮಿಣ ಮಿನುಗಿ, "ಅಭಿನಂದನೆಗಳು! ಈ ತಾಣಕ್ಕೆ ಬಂದ ಹತ್ತು ಲಕ್ಷನೆಯ ಅತಿಥಿ ನೀವೇ! ಹೊಸ ಕಾರು ನಿಮ್ಮದು!" ಎಂದಿತು. ಜಗತ್ತಿನಲ್ಲಿ ಯಾರೋ ಪುಣ್ಯಾತ್ಮರು ಕೂತು ಒಬ್ಬೊಬ್ಬರನ್ನೇ ಎಣಿಸಿ, ಸರಿಯಾಗಿ ತನ್ನ ಹತ್ತಿರ ಬಂದು ಎಣಿಕೆ ನಿಲ್ಲಿಸಿದ್ದಾರೆ ಎಂದು ಅವನು ನಂಬಿದ. ನಂಬಿ ಸುಮ್ಮನಿದ್ದಿದ್ದರೆ ಪರವಾಗಿರಲಿಲ್ಲ. ಅವನು ಇದ್ದದ್ದು ಮನೆಯಲ್ಲೇ ಮೋಟಾರ್ ರಿಪೇರಿ ಅಂಗಡಿ ಇಟ್ಟಿದ್ದ ಸೋದರತ್ತೆಯ ಮನೆಯಲ್ಲಿ. ಅತ್ತೆ ತಂತಿ ತರಲು ಹೊರಗೆ ಹೋದ ಹೊತ್ತು ನೋಡಿ, ಅಂಗಡಿಯ ಮುಂದೆ ರಿಪೇರಿಗೆ ಬಂದು ಸಾಲಾಗಿ ಕೂತಿದ್ದ ಹನ್ನೊಂದು ಮೋಟಾರುಗಳನ್ನು ಉರುಳಿಸಿ ಒಳಕ್ಕೆ ತಳ್ಳಿ, ಕಾರು ನಿಲ್ಲಿಸಲು ಜಾಗ ಮಾಡಿದ.

ಅತ್ತೆ ಬಂದು ನೋಡಿದಾಗ ಮೋಟಾರುಗಳಿಗೆ ಕಟ್ಟಿದ್ದ ಚೀಟಿಗಳೆಲ್ಲ ಕಿತ್ತು ನೆಲದ ಮೇಲಿದ್ದವು.

"ಯಾವ ಮೋಟಾರ್ ಯಾರದ್ದು ಅಂತ ಈಗ ನಿನ್ನ ಹತ್ತು ಲಕ್ಷನೇ ಅಪ್ಪ ಬಂದು ಹೇಳ್ತಾನೇನೋ?"

ಆಮೇಲೆ ಅವಳು ಅವನನ್ನು ತಡೆಯಲಿಲ್ಲ. ಬುದ್ಧಿ ಬರಲಿ ಎಂದು ಕಾಯಲು ಬಿಟ್ಟಳು. ಅವನು ಇಸ್ತ್ರಿ ಮಾಡಿದ ಅಂಗಿ ತೊಟ್ಟು ಮೂರು ದಿನ ಬಾಗಿಲಲ್ಲಿ ನಿಂತ. ಮೂರನೆಯ ದಿನ ಆ ಜಾಗದಲ್ಲಿ ಬಂದು ನಿಂತದ್ದು ಕಸದ ಗಾಡಿ. ಬುದ್ಧಿ ಬಂತೆಂದು ಹೇಳುವಂತಿಲ್ಲ. ಆರು ವರ್ಷ ಕಳೆದ ಮೇಲೆ, ಅಂಥವೇ ಮಿಣಮಿಣ ಪಟ್ಟಿಗಳನ್ನು ತಯಾರಿಸುವ ಕಚೇರಿಯಲ್ಲಿ ಅವನು ಕೆಲಸಕ್ಕೆ ಸೇರಿದ.

ಅತ್ತೆಯದು ಮೋಟಾರ್ ವೈಂಡಿಂಗ್ ಕೆಲಸ. ಸುಟ್ಟ ಮೋಟಾರಿನ ಹೊಟ್ಟೆ ಬಗೆದು ಕರಿಕಲಾದ ತಂತಿ ಕಿತ್ತು, ಅಷ್ಟೇ ಸುತ್ತು ಹೊಸ ತಾಮ್ರದ ತಂತಿ ಸುತ್ತಿ, ವಾರ್ನಿಷ್ ಕುಡಿಸಿ, ಮತ್ತೆ ಉಸಿರಾಡಿಸುವುದು. ಮನೆಯ ಮುಂದಿನ ಕೋಣೆಯೇ ಅಂಗಡಿ. ಅವಳ ಬೆರಳುಗಳ ತುದಿಯಲ್ಲಿ ಗೆರೆಗಳೇ ಉಳಿದಿರಲಿಲ್ಲ. ಕೋಪ ಮಾತ್ರ ಮೂಗಿನ ತುದಿಯಲ್ಲಿ ಸದಾ ಉಳಿದಿತ್ತು. ಹೊಸ ಗಿರಾಕಿಯೊಬ್ಬ ಒಳಗೆ ಇಣುಕಿ, "ಗಂಡಸರು ಯಾರೂ ಇಲ್ವಾ ಅಮ್ಮ?" ಎಂದು ಕೇಳಿದ್ದಕ್ಕೆ, "ಇದಾರಲ್ಲ, ಒಳಗೆ ಅನ್ನಕ್ಕಿಟ್ಟಿದಾರೆ. ನೀವು ಮೋಟಾರ್ ಕೊಡಕ್ಕೆ ಬಂದ್ರಾ, ಪಾತ್ರೆ ತೊಳಿಯಕ್ಕೆ ಬಂದ್ರಾ?" ಎಂದವಳು.

ಒಳಗೆ ಅನ್ನಕ್ಕಿಡುತ್ತಿದ್ದ ಆ ಗಂಡಸು ಮಾವ. ಮೂವತ್ತು ವರ್ಷ ಬಸ್ ಕಂಡಕ್ಟರ್ ಆಗಿದ್ದವನು. ಹಿಂದಿನ ಸೀಟಿನಲ್ಲಿ ಬಾಯಿ ತೆರೆದು ಮಲಗಿದವನೂ ಎದ್ದು ಇಳಿಯುವಂಥ ಕಂಠ. ಕೆಲಸ ಮುಗಿಸಿ ಬೀದಿಯ ತಿರುವಿಗೆ ಬರುತ್ತಲೇ ಅಲ್ಲಿಂದಲೇ "ಕಾಯಿಲೂ!" ಎಂದು ಕೂಗುತ್ತಿದ್ದ. ದಿನವಿಡೀ ಕಾಯಿಲ್, ಅಂದರೆ ತಂತಿಯ ಸುರುಳಿ, ಸುತ್ತುವ ಹೆಂಡತಿಗೆ ಅವನಿಟ್ಟ ಮುದ್ದಿನ ಹೆಸರು ಅದು. ಬೇರೆ ಯಾರಾದರೂ ಹಾಗೆ ಕರೆದಿದ್ದರೆ ಸುತ್ತಿಗೆ ಹಾರಿಬರುತ್ತಿತ್ತು.

ನಾಲ್ಕು ತಿಂಗಳ ಹಿಂದೆ ಮಾವನಿಗೆ ಪಾರ್ಶ್ವವಾಯು ಬಡಿಯಿತು. ಕೈಕಾಲು ನಿಧಾನಕ್ಕೆ ದಾರಿಗೆ ಬಂದವು, ಮಾತು ಬರಲಿಲ್ಲ. ಮಾತಿನ ಡಾಕ್ಟರಮ್ಮ ಅತ್ತೆಯನ್ನು ಕೂರಿಸಿಕೊಂಡು ಹೇಳಿದ್ದು ಇಷ್ಟು: "ಮೊದಲ ಆರು ತಿಂಗಳು ಮುಖ್ಯ. ಎಷ್ಟು ವಾಪಸ್ ಬರಬೇಕೋ ಅದರಲ್ಲಿ ಹೆಚ್ಚಿನದು ಆಗಲೇ ಬರೋದು. ದಿನಾ ಎರಡು ಹೊತ್ತು ಅಭ್ಯಾಸ ಮಾಡಿಸಿ. ಮಧ್ಯೆ ಬೇರೆ ಸದ್ದು ಬೇಡ, ಕೇಳಿದ್ದೇ ತಲೇಲಿ ಕೂತುಬಿಡುತ್ತೆ." ಅಭ್ಯಾಸದ ಪಾಠಗಳು ಒಂದು ವೆಬ್‌ಸೈಟಿನಲ್ಲಿದ್ದವು, ನಮ್ಮ ಭಾಷೆಯಲ್ಲಿ ಬೇರೆಲ್ಲೂ ಇರಲಿಲ್ಲ. ಟ್ಯಾಬ್ಲೆಟ್ಟಿನ ಪರದೆಯಲ್ಲಿ ಹೆಂಗಸೊಬ್ಬಳು ತುಟಿ, ನಾಲಿಗೆ ತೋರಿಸಿ "ನೀ... ರು" ಎನ್ನುವಳು. ಮಾವ ಅದನ್ನು ನೋಡಿ ಅನ್ನಬೇಕು. ಪಾಠಗಳು ಪುಕ್ಕಟೆ, ಆದ್ದರಿಂದ ಸುತ್ತಲೂ ಜಾಹೀರಾತು. ಮಾವ ತುಟಿ ಹೊಂದಿಸಿಕೊಂಡು "ನೀ..." ಎನ್ನುವಷ್ಟರಲ್ಲಿ ಪಕ್ಕದಿಂದ ಪೆಟ್ಟಿಗೆಯೊಂದು ಜಿಗಿದು ಕಿರುಚುತ್ತಿತ್ತು. ಅತ್ತೆ ಅದರ ಮೂಲೆಯ ಗುಣಾಕಾರದ ಗುರುತನ್ನು ಒತ್ತಿದರೆ ಇನ್ನೆರಡು ಜಿಗಿಯುತ್ತಿದ್ದವು.

ಒಂದು ಸಂಜೆ ಅವನು ಕಚೇರಿಯಿಂದ ಬಂದಾಗ ಅತ್ತೆ ಬಾಗಿಲಲ್ಲೇ ತಡೆದಳು. ಕಣ್ಣಲ್ಲಿ ನೀರಿತ್ತು, ನೀರಿನ ಹಿಂದೆ ಬೆಂಕಿಯಿತ್ತು.

"ನಿಮ್ಮಾವ ಮಾತಾಡಿದ್ರು ಕಣೋ."

"ಹೌದಾ ಅತ್ತೆ! ಏನಂದ್ರು?"

"ನೀನೇ ಕೇಳು ಬಾ."

ಒಳಗೆ ಕುರ್ಚಿಯಲ್ಲಿ ಕೂತಿದ್ದ ಮಾವ ಅವನನ್ನು ಕಂಡು ಅರ್ಧ ಬಾಯಲ್ಲಿ ನಕ್ಕ. ನಾಲ್ಕು ತಿಂಗಳಲ್ಲಿ ಮೊದಲ ಸಲ, ಒಂದಕ್ಷರ ಎಡವದೆ, ರಾಗವಾಗಿ ಹೇಳಿದ: "ತಡ ಮಾಡಬೇಡಿ, ಈಗಲೇ ಒತ್ತಿ! ಬೆನ್ನಿಗೆ ಬೇಕು ಬೆಣ್ಣೆಯಂಥ ಹಾಸಿಗೆ!"

ಆ ಸಾಲು ಬರೆದವನು ಹತ್ತು ಲಕ್ಷನೇ. ಮ್ಯಾನೇಜರು ಬೆನ್ನು ತಟ್ಟಿದ್ದ ಸಾಲು. ಅಷ್ಟೇ ಅಲ್ಲ, ದನಿಯ ಕಲಾವಿದರನ್ನು ಕರೆಸುವುದು ಯಾಕೆ ದಂಡಕ್ಕೆ ಎಂದು ಕಚೇರಿಯ ಸ್ಟೋರ್ ರೂಮಿನಲ್ಲಿ ನಿಲ್ಲಿಸಿ ಅವನಿಂದಲೇ ಹೇಳಿಸಿ, ವೇಗ ಹೆಚ್ಚಿಸಿ ಇಲಿಯ ದನಿ ಮಾಡಿ ಬಿಟ್ಟಿದ್ದರು. ಅವನು ಗೋಡೆ ನೋಡುತ್ತ ನಿಂತ.

"ಯಾವನೋ ಬೇವರ್ಸಿ, ಉಸಿರಾಡೋದಕ್ಕೂ ಬಿಡದೆ ಹಾಸಿಗೆ ಹಾಸಿಗೆ ಅಂತಾನೆ," ಅತ್ತೆ ಹಲ್ಲು ಕಡಿದಳು. "ಸಿಕ್ಕಿದ್ರೆ ಅದೇ ಹಾಸಿಗೇಲಿ ಸುತ್ತಿ ಬಡೀತಿದ್ದೆ. ನೀನು ಕಂಪ್ಯೂಟರ್ ಓದಿದೋನು ತಾನೆ? ಇದನ್ನ ನಿಲ್ಲಿಸು."

ಭಾನುವಾರ ಬೆಳಿಗ್ಗೆ ಅವನು ಕೂತ. ಅಂಗಡಿಯ ಮೂಲೆಯಲ್ಲಿ ಮೋಟಾರಿನ ನಕ್ಷೆಗಳನ್ನು ನೋಡಲು ಇಟ್ಟಿದ್ದ ಹಳೆಯ ಕಂಪ್ಯೂಟರಿಗೆ ಪ್ರಾಕ್ಸಿ ಎಂಬ ತಂತ್ರಾಂಶ ಇಳಿಸಿದ. ಅತ್ತೆ ಎದುರಿಗೆ ಸ್ಟೂಲ್ ಎಳೆದುಕೊಂಡು, ಅವನೇ ಸುಟ್ಟ ಮೋಟಾರು ಎಂಬಂತೆ ನೋಡುತ್ತ ಕೂತಳು.

"ಟ್ಯಾಬ್ಲೆಟ್ಟು ಇನ್ಮೇಲೆ ನೇರವಾಗಿ ಇಂಟರ್‌ನೆಟ್ಟಿಗೆ ಹೋಗಲ್ಲ ಅತ್ತೆ. ಏನು ಬೇಕೋ ಇದನ್ನ ಕೇಳುತ್ತೆ, ಇದು ಹೋಗಿ ತರುತ್ತೆ. ಜಾಹೀರಾತು ಕಳಿಸೋ ವಿಳಾಸಗಳ ಪಟ್ಟಿ ಇದರ ಹತ್ರ ಇರುತ್ತೆ. ಅಲ್ಲಿಂದ ಬರೋದನ್ನ ಬಾಗಿಲಲ್ಲೇ ಬಿಸಾಕುತ್ತೆ."

"ಪಂಪಿನ ತಳಕ್ಕೆ ಜಾಲರಿ ಹಾಕ್ತೀವಲ್ಲ, ಹಾಗೆ."

"ಹಾಗೇ."

"ಅಷ್ಟು ಹೇಳಕ್ಕೆ ಇಷ್ಟುದ್ದ ಮಾತಾ?"

ಅವನು ಟ್ಯಾಬ್ಲೆಟ್ಟಿನ ವೈಫೈ ಸೆಟ್ಟಿಂಗಿಗೆ ಹೋಗಿ ಪ್ರಾಕ್ಸಿಯ ವಿಳಾಸ, ಪೋರ್ಟ್ ಸಂಖ್ಯೆ ತುಂಬಿ ಜಂಬದಿಂದ ಪಾಠ ತೆರೆದ. ಜಾಹೀರಾತು ಬರಲಿಲ್ಲ. ಪಾಠವೂ ಬರಲಿಲ್ಲ. ಏನೂ ಬರಲಿಲ್ಲ. ಒಂದು ಗಂಟೆ ಬೆವರಿಳಿಸಿದ ಮೇಲೆ ಗೊತ್ತಾಯಿತು: ಹೊಸದಾಗಿ ಇಳಿಸಿದ ಪ್ರಾಕ್ಸಿ ತಾನು ಕೂತ ಕಂಪ್ಯೂಟರಿನ ಮಾತನ್ನಷ್ಟೇ ಕೇಳುತ್ತದೆ. ಮನೆಯ ಬೇರೆ ಯಂತ್ರಗಳ ಮಾತನ್ನೂ ಕೇಳು ಎಂದು ಅದರ ಸೆಟ್ಟಿಂಗ್ ಕಡತದಲ್ಲಿ ವಿಳಾಸ ಬದಲಿಸಿ ಬರೆಯಬೇಕು. ಅವನು ಬರೆದಿರಲಿಲ್ಲ.

"ಕಿವಿ ಮುಚ್ಚಿಕೊಂಡೋನನ್ನ ಕಾವಲಿಗೆ ಕೂರಿಸಿದೀಯಲ್ಲೋ, ಹತ್ಲಕ್ಷ," ಎಂದಳು ಅತ್ತೆ.

ವಿಳಾಸ ತಿದ್ದಿದ. ತಡೆಪಟ್ಟಿ ಹಾಕಿದ. ಆ ಪಟ್ಟಿಯಲ್ಲಿ, ಸಾವಿರಾರು ಸಾಲುಗಳ ನಡುವೆ, ಅವನ ಕಚೇರಿಯ ವಿಳಾಸವೂ ಇತ್ತು. ಅವನ ಕೈ ನಿಂತಿತು. ಕೆಲಸಕ್ಕೆ ಸೇರುವಾಗ ಸಹಿ ಹಾಕಿದ ಹದಿನೇಳು ಕಾಗದಗಳಲ್ಲಿ ಒಂದು, ಕಂಪನಿಯ ಜಾಹೀರಾತನ್ನು ನೌಕರರು ಎಲ್ಲೂ ತಡೆಯತಕ್ಕದ್ದಲ್ಲ ಎನ್ನುತ್ತಿತ್ತು. ಕೆಲಸ ಕಾಯಂ ಆಗಲು ಇನ್ನೆರಡು ತಿಂಗಳಿತ್ತು. ಈ ಮನೆಯ ಮೂಲೆಯಲ್ಲಿ ಏನಾಗುತ್ತದೆಂದು ಯಾರಿಗೂ ತಿಳಿಯುವುದಿಲ್ಲ. ಆದರೆ ಕಾರು ಬರುತ್ತದೆಂದು ಮೂರು ದಿನ ಕಾದವನಿಗೆ ಯಾರೋ ತನ್ನನ್ನೇ ಎಣಿಸುತ್ತಿದ್ದಾರೆ ಎಂಬ ನಂಬಿಕೆ ಪೂರ್ತಿ ಬಿಟ್ಟಿರಲಿಲ್ಲ. ಅತ್ತೆ ಎದ್ದು ಮಾವನಿಗೆ ಮಾತ್ರೆ ಕೊಡಲು ಹೋದಾಗ, ಇದೊಂದನ್ನು ಬಿಡು ಎಂದು ಒಂದು ಸಾಲು ಸೇರಿಸಿದ. ಒಂದೇ ತಾನೆ, ಯಾವಾಗಲೋ ಒಮ್ಮೆ ಬರುತ್ತದೆ ಎಂದು ತನಗೆ ತಾನೇ ಹೇಳಿಕೊಂಡ.

ಪಾಠ ತೆರೆಯಿತು. ಹೆಂಗಸು, ತುಟಿ, ನಾಲಿಗೆ. ಸುತ್ತಲೂ ಖಾಲಿ ಬಿಳಿ. ಅವನು ಹೆಮ್ಮೆ ತಡೆಯಲಾರದೆ ಪ್ರಾಕ್ಸಿಯ ದಾಖಲೆಯನ್ನೂ ತೋರಿಸಿದ: ಯಾವ ಗಳಿಗೆಯಲ್ಲಿ ಯಾವುದನ್ನು ತಡೆದೆ, ಯಾವುದನ್ನು ಬಿಟ್ಟೆ ಎಂದು ಅದು ಸಾಲುಸಾಲಾಗಿ ಬರೆದಿಡುತ್ತದೆ. ಅರ್ಧ ಗಂಟೆಗೆ ನೂರ ಎಂಬತ್ತಾರು ತಡೆ. ಅತ್ತೆ ಅವನ ಭುಜಕ್ಕೆ ಒಂದು ಗುದ್ದು ಕೊಟ್ಟಳು. ಅವಳ ಮಟ್ಟಿಗೆ ಅದು ಸನ್ಮಾನ.

ಆ ವಾರ ಮಾವನಿಗೆ "ನೀರು" ಬಂತು. "ಬಾಗಿಲು" ಬಂತು. "ದೀಪ" ಅನ್ನಲು ಎರಡು ದಿನ ಹಿಡಿಯಿತು, ಬಂತು.

ಎರಡನೆಯ ಶನಿವಾರದ ಪಾಠ, ಮನೆಯವರ ಹೆಸರು ಹೇಳುವುದು. ಪರದೆಯ ಹೆಂಗಸು, "ಈಗ ನಿಮ್ಮವರನ್ನು ಕರೆಯಿರಿ" ಎಂದು ಹೇಳಿ ಸುಮ್ಮನಾದಳು. ಅತ್ತೆ ಸುತ್ತುತ್ತಿದ್ದ ತಂತಿಯನ್ನು ಹಾಗೇ ಬಿಟ್ಟು ಬಂದು ಮಾವನ ಮುಂದೆ ಕೂತಳು. ಮಾವ ಅವಳನ್ನು ನೋಡಿದ. ಕತ್ತಿನ ನರ ಉಬ್ಬಿತು. "ಕಾ..." ಎಂದ. ಮತ್ತೆ ಉಸಿರೆಳೆದ. "ಕಾ... ಯಿ..."

"ತಡ ಮಾಡಬೇಡಿ!" ಎಂದು ಟ್ಯಾಬ್ಲೆಟ್ಟು ಕಿರುಚಿತು.

ಮಾವನ ಬಾಯಿ ಅರ್ಧ ತೆರೆದಂತೆಯೇ ನಿಂತಿತು. ಕಣ್ಣು ಪರದೆಯ ಕಡೆ ಹೊರಳಿತು. ಆಮೇಲೆ ವಿಧೇಯ ವಿದ್ಯಾರ್ಥಿಯ ಹಾಗೆ ಹೆಂಡತಿಯ ಮುಖ ನೋಡಿ, "ಈಗಲೇ ಒತ್ತಿ," ಎಂದ.

ಅತ್ತೆ ಎದ್ದು ಸೀದಾ ಮೂಲೆಯ ಕಂಪ್ಯೂಟರಿಗೆ ಹೋದಳು. ಮೋಟಾರು ಕೆಟ್ಟರೆ ಅವಳ ಪದ್ಧತಿಯೇ ಅದು: ಒಂದೊಂದೇ ಸುರುಳಿಗೆ ಪರೀಕ್ಷೆಯ ಬಲ್ಬ್ ಹಿಡಿಯುತ್ತ ಹೋಗುವುದು, ಎಲ್ಲಿ ಉರಿಯಬಾರದೋ ಅಲ್ಲಿ ಉರಿದರೆ ಅದೇ ಕಳ್ಳ. ದಾಖಲೆ ತೆರೆದು, ಗೆರೆಯಿಲ್ಲದ ಬೆರಳನ್ನು ಸಾಲುಗಳ ಮೇಲೆ ಇಳಿಸುತ್ತ ಹೋದಳು. ತಡೆ. ತಡೆ. ತಡೆ. ಪಾಠ, ಬಿಟ್ಟಿದೆ. ತಡೆ. ಬೆರಳು ನಿಂತಿತು.

"ಐದೂ ಹನ್ನೆರಡಕ್ಕೆ ಇದನ್ನ ಬಿಟ್ಟಿದೆ. ಇದ್ಯಾವುದು?" ಎಂದು ಬಾಗಿಲಲ್ಲಿ ನಿಂತಿದ್ದ ಅವನನ್ನು ಕೇಳಿದಳು.

"ಅದು... ಎಲ್ಲೋ ತಪ್ಪಿ ಬಂದಿರಬೇಕು ಅತ್ತೆ."

ಅತ್ತೆ ತಿರುಗಿದಳು. ಶನಿವಾರವೂ ಕಚೇರಿಗೆ ಹೋಗಿ ಬಂದವನ ಕುತ್ತಿಗೆಯಲ್ಲಿ ಗುರುತಿನ ಚೀಟಿ ಇನ್ನೂ ನೇತಾಡುತ್ತಿತ್ತು. ಅದರ ಪಟ್ಟಿಯನ್ನು ಹಿಡಿದು, ಹಸುವನ್ನು ಎಳೆದಂತೆ ಅವನನ್ನು ಪರದೆಯ ಹತ್ತಿರ ಎಳೆದು, ಒಂದೊಂದೇ ಅಕ್ಷರ ತಾಳೆ ನೋಡಿದಳು.

"ನೀನೇ ಬಿಟ್ಟಿದೀಯ."

"ಕಾಯಂ ಆಗಕ್ಕೆ ಎರಡೇ ತಿಂಗಳಿತ್ತು, ಕೆಲಸ ಹೋಗುತ್ತೆ ಅಂತ..."

"ಹಾಸಿಗೆ ನಿಂದಾ?"

"ಬರೆದಿದ್ದು ನಾನು."

ಅತ್ತೆ ಅವನ ಮುಖವನ್ನೇ ನೋಡಿದಳು. ಆ ಇಲಿ ದನಿಯ ಎಳೆತ ಅವಳಿಗೆ ಈಗ ಗುರುತು ಹತ್ತಿತು.

"ದನೀನೂ ನಿಂದೇನಾ?"

ಅವನು ತಲೆ ತಗ್ಗಿಸಿದ. ಪಟ್ಟಿಯನ್ನು ಅವಳು ಬಿಟ್ಟಳು. ಮುಟ್ಟಬಾರದ್ದನ್ನು ಮುಟ್ಟಿದಂತೆ ಕೈಯನ್ನು ಸೀರೆಗೆ ಒರೆಸಿಕೊಂಡಳು.

"ಆ ಮನುಷ್ಯ ನಿನ್ನನ್ನ ಹೆಗಲ ಮೇಲೆ ಕೂರಿಸ್ಕೊಂಡು ಬಸ್ಸಲ್ಲಿ ಊರೆಲ್ಲ ತೋರಿಸಿದೋರು. ಮಾತು ವಾಪಸ್ ಬರಕ್ಕೆ ಎರಡೇ ತಿಂಗಳು ಉಳಿದಿರೋದು ಅವರಿಗೆ. ನಿನಗೂ ಎರಡು ತಿಂಗಳು, ಅಲ್ವಾ? ಇಬ್ಬರದ್ದನ್ನೂ ತಕ್ಕಡೀಲಿಟ್ಟು ತೂಗಿದೆ. ನಿಂದೇ ಭಾರ ಬಂತು! ಹೊರಗಿನವರು ಮಾಡಿದ್ರೆ ಹಾಳಾಗಿಹೋಗ್ಲಿ ಅಂತಿದ್ದೆ. ನನ್ನ ಅನ್ನ ತಿಂದು, ನನ್ನ ಅಂಗಡೀಲಿ ಕೂತು, ನಾನು ಮಾತ್ರೆ ಕೊಡಕ್ಕೆ ಎದ್ದು ಹೋದಾಗ ಕಿಂಡಿ ಕೊರೆದಿದೀಯಲ್ಲೋ! ಅಳಿಸು."

ಅವನು ಆ ಸಾಲನ್ನು ಅಳಿಸಿದ. ಪ್ರಾಕ್ಸಿಯನ್ನು ನಿಲ್ಲಿಸಿ ಮತ್ತೆ ಶುರುಮಾಡಿದ. ಅತ್ತೆ ನಂಬಲಿಲ್ಲ, ಪಾಠವನ್ನು ಮೂರು ಸಲ ತೆರೆಸಿ, ಮೂರು ಸಲವೂ ದಾಖಲೆಯಲ್ಲಿ ಅವನ ಕಚೇರಿಯ ಹೆಸರಿನ ಮುಂದೆ ತಡೆ ಎಂದು ಬಿದ್ದದ್ದನ್ನು ಕಣ್ಣಾರೆ ಕಂಡ ಮೇಲೆಯೇ ಎದ್ದಳು. ಮಾವನನ್ನು ಮತ್ತೆ ಪಾಠದ ಮುಂದೆ ಕೂರಿಸಿದಳು. ಮಾವ ಪ್ರಯತ್ನಿಸಿದ. "ಕಾ..." ಎಂದ. "ತಡ..." ಎಂದ. ತಲೆಯಾಡಿಸಿ, ತನ್ನ ನಾಲಿಗೆಯ ಮೇಲೆ ತಾನೇ ಸಿಟ್ಟಾಗಿ, ಕುರ್ಚಿಯ ಕೈಗೆ ಗುದ್ದಿದ. ಅತ್ತೆ ಆ ಮುಷ್ಟಿಯನ್ನು ಬಿಡಿಸಿ ಬೆರಳುಗಳನ್ನು ನೀವಿದಳು. "ಸಾಕು ಇವತ್ತಿಗೆ. ನಾಳೆ ಬರುತ್ತೆ," ಎಂದಳು. ಅಷ್ಟು ಮೆತ್ತಗಿನ ದನಿ ಅವಳಲ್ಲಿ ಇದೆಯೆಂದು ಹತ್ತು ಲಕ್ಷನಿಗೆ ಗೊತ್ತೇ ಇರಲಿಲ್ಲ. ಅದರಲ್ಲಿ ತನ್ನ ಪಾಲಿಗೆ ಒಂದು ಚೂರೂ ಇಲ್ಲವೆಂಬುದು ಮಾತ್ರ ಚೆನ್ನಾಗಿ ಗೊತ್ತಾಯಿತು.

ಅವಳು ಅಂಗಡಿಗೆ ಬಂದು, ಬಿಟ್ಟ ಮೋಟಾರನ್ನು ತೊಡೆಗಳ ನಡುವೆ ಎಳೆದುಕೊಂಡು ಸುತ್ತು ಎಣಿಸತೊಡಗಿದಳು. ಅವನು ಬಾಗಿಲ ಚೌಕಟ್ಟು ಹಿಡಿದು ನಿಂತ. ಹೋಗಲೂ ಆಗಲಿಲ್ಲ, ಕೂರಲೂ ಆಗಲಿಲ್ಲ. ಕೊನೆಗೆ ಬಾಯಿಬಿಟ್ಟ.

"ಅತ್ತೆ, ಮಾವನಿಗೆ ಮಾತು ಪೂರ್ತಿ ಬರದೇ ಹೋದ್ರೆ... ನನ್ನಿಂದಲೇ ಹಾಗಾಯ್ತು ಅಂತೀರಾ?"

ಅತ್ತೆ ಎಣಿಕೆ ನಿಲ್ಲಿಸಿ ತಲೆಯೆತ್ತಿದಳು.

"ಅಂತೀನಿ."