ಮೂರು ನರದ ಎಲೆ

ಪಲಾವ್ ಎಲೆಗೆ ಮರವೂ ಇರುತ್ತದೆ ಎಂಬುದು ನನಗೆ ಗೊತ್ತಾಗುವಾಗ ಮೂವತ್ತೆಂಟು ವರ್ಷ ತುಂಬಿತ್ತು. ಇಂಡಿ ಊರಿನ ನಮ್ಮ ಓಣಿಯಲ್ಲಿ ಅದು ಕಿರಾಣಿ ಅಂಗಡಿಯ ಡಬ್ಬಿಯಲ್ಲೇ ಹುಟ್ಟುತ್ತಿತ್ತು, ಕಂದಿ, ಒಣಗಿ, ಮುಟ್ಟಿದರೆ ಮುರಿಯುವ ಹಾಗೆ. ಶಿರಸಿ ಹತ್ತಿರದ ಕಾನಸೂರಿನ ಹೈಸ್ಕೂಲಿಗೆ ಗಣಿತದ ಟೀಚರಾಗಿ ಬಂದ ಹೊಸತರಲ್ಲಿ ಅಂಗಡಿಗೆ ಹೋಗಿ ಒಂದು ಪಾಕೀಟು ಪಲಾವ್ ಎಲೆ ಕೇಳಿದೆ. ಅಂಗಡಿಯವರು ನಕ್ಕರು. "ಅದನ್ನ ಯಾರು ದುಡ್ಡು ಕೊಟ್ಟು ತಗೋತ್ರು ಅಕ್ಕೋರೆ? ನಿಮ್ಮ ಮನೆ ಹಿಂದೇ ಇದ್ದು."

ಅಕ್ಕೋರು ಅಂದರೆ ಟೀಚರಮ್ಮ, ಅಷ್ಟು ತಿಳಿಯಿತು. ಆದರೆ ಇಲ್ಲಿನವರ "ಇದ್ದು" ಅಂದರೆ ನಮ್ಮ "ಐತಿ" ಎಂದು ಯಾರೂ ಹೇಳಿರಲಿಲ್ಲ. ಇದ್ದು ಏನಾಯಿತು ಎಂದು ಉಳಿದ ಮಾತಿಗಾಗಿ ಕಾಯುತ್ತ ನಿಂತೇ ಇದ್ದೆ. ಕನ್ನಡದಿಂದ ಕನ್ನಡಕ್ಕೇ ಬಂದು ಹೀಗೆ ಪೆದ್ದಿಯಾಗಬೇಕಾಯಿತಲ್ಲ ಎಂದು ಸಿಟ್ಟೂ ಬಂತು.

ನನ್ನ ಬಾಡಿಗೆ ಕೋಣೆಗಳು ಮನೆಯೊಡತಿ ಗಂಗಕ್ಕನ ಮನೆಗೆ ಅಂಟಿಕೊಂಡೇ ಇದ್ದವು. ಹಿತ್ತಿಲಾಚೆಯ ಮರವನ್ನು ತೋರಿಸಿದವಳು ಅವಳೇ. ಇಲ್ಲಿನವರ ಬಾಯಲ್ಲಿ ಅದು ದಾಲ್ಚಿನ್ನಿ ಎಲೆ. "ಬುಡದಿಂದ ತುದಿವರೆಗೆ ಮೂರು ನರ ನೋಡಿ ಅಕ್ಕೋರೆ. ಆಮೇಲೆ ಕಿವುಚಿ ಮೂಸಿ." ಕಿವುಚಿದೆ. ನಮ್ಮೂರಿನ ಡಬ್ಬಿಯ ಎಲೆಗೆ ಇಂಥ ಪರಿಮಳ ಇತ್ತೆಂದು ಹೇಳಲಾರೆ. ನೆರಳಲ್ಲಿ ಒಣಗಿಸಿದೆ, ಪಲಾವಿಗೆ ಹಾಕಿದೆ, ಚಹಾಕ್ಕೂ ಹಾಕಿದೆ. ಜೋಳದ ಹಿಟ್ಟು ಸಿಗದ, ಸಾರಿಗೆಲ್ಲ ಬೆಲ್ಲ ಬೀಳುವ ಈ ಊರಿನಲ್ಲಿ ನಾನು ಮೊದಲು ಗೆದ್ದದ್ದು ಆ ಎಲೆಯನ್ನು.

ಚಳಿಗಾಲದಲ್ಲಿ ಅವ್ವ ಬಂದಳು. ಒಂದು ವಾರದೊಳಗೆ ಅವಳಿಗೆ ಇಲ್ಲಿ ಸರಿಯಿಲ್ಲದ್ದೆಲ್ಲ ಕಂಡಿತು. ಅನ್ನ ಮೆತ್ತಗೆ, ಸಾರು ಸಿಹಿ. ಗಂಗಕ್ಕ ಪ್ರೀತಿಯಿಂದ ಕಳಿಸಿದ ತಂಬುಳಿಯನ್ನು, ಅಂದರೆ ಸೊಪ್ಪು ಅರೆದು ಹಾಕಿದ ಮಜ್ಜಿಗೆಯನ್ನು ನೋಡಿ, "ಇದನ್ನ ಉಣ್ಣೂದೋ, ಹಚ್ಚಿಕೊಳ್ಳೂದೋ" ಎಂದಳು. ಕೇಳಿ ಕೇಳಿ ನನಗೆ ರೋಸಿ ಹೋಗಿತ್ತು. ಒಂದು ಭಾನುವಾರ ಬೆಳಿಗ್ಗೆ ಉಪ್ಪಿಟ್ಟಿನ ತಟ್ಟೆ ಅವಳೆದುರು ಕುಕ್ಕಿ, "ಹಾಕಿದ್ದನ್ನ ಬಾಯಿ ಮುಚ್ಚಿಕೊಂಡು ಉಣ್ಣು" ಎಂದುಬಿಟ್ಟೆ. ಅವ್ವ ತಲೆ ಎತ್ತದೆ ಉಂಡಳು.

ಅಂದುಬಿಟ್ಟ ಮೇಲೆ ನನಗೇ ಸಂಕಟವಾಯಿತು. ಅವಳಿಗೆ ಪಲಾವ್ ಇಷ್ಟ, ಮಾಡೋಣವೆಂದು ಹೊರಟೆ. ಒಣಗಿಸಿದ ಎಲೆ ಮುಗಿದಿತ್ತು. ಆಚೆಯ ಮರದತನಕ ಯಾರು ಹೋಗುತ್ತಾರೆ ಎಂದು ಬೇಲಿಯ ಬದಿಯಲ್ಲೇ ನಿಂತಿದ್ದ ಗಿಡದಿಂದ ಮಿರಿಮಿರಿ ಮಿಂಚುವ ನಾಲ್ಕು ಎಲೆ ಕಿತ್ತೆ. ನರ ಎಣಿಸಿದೆ, ಮೂರು. ಮೂಸಿಯೂ ನೋಡಿದೆ. ನೆಗಡಿಯಿಂದ ಮೂಗು ಕಟ್ಟಿತ್ತು, ಏನೂ ತಿಳಿಯಲಿಲ್ಲ, ತಿಳಿಯದಿದ್ದದ್ದು ನೆಗಡಿಯಿಂದಲೇ ಅಂದುಕೊಂಡೆ.

ಅವ್ವನಿಗೆ ಬಡಿಸಿ, ಒಂದು ಬಟ್ಟಲು ಗಂಗಕ್ಕನಿಗೆಂದು ಒಯ್ದೆ. ಅವಳು ಮುಚ್ಚಳ ತೆಗೆದು ಮೇಲಿದ್ದ ಎಲೆಯನ್ನು ಎರಡು ಬೆರಳಲ್ಲಿ ಎತ್ತಿ ಬೆಳಕಿಗೆ ಹಿಡಿದಳು. ಮುಖದ ನಗು ಹೋಯಿತು.

"ಇದನ್ನ ಎಲ್ಲಿಂದ ಕಿತ್ರಿ?"

"ಬೇಲಿ ಹತ್ತಿರ."

"ಅಂಚಲ್ಲಿ ಮತ್ತೆರಡು ನರ ಇದ್ದು ನೋಡಿ. ಇದು ದಾಲ್ಚಿನ್ನಿ ಅಲ್ಲ ಅಕ್ಕೋರೆ, ಕಾಸರಕ. ದನವೂ ಬಾಯಿ ಹಾಕ್ತಿಲ್ಲೆ. ಯಾರಾದ್ರೂ ಉಂಡ್ರ?"

ಕಾಸರಕ ವಿಷದ ಮರ. ಹೊಟ್ಟೆಗೆ ಹೋದರೆ ಕೈಕಾಲು ಸೆಟೆದುಕೊಳ್ಳುತ್ತದೆ ಎಂದು ಅವಳೇ ಹಿಂದೊಮ್ಮೆ ಹೇಳಿದ್ದಳು. ಮಕ್ಕಳಿಗೆ ದಿನವಿಡೀ ಲೆಕ್ಕ ಕಲಿಸುವ ನಾನು ಐದನ್ನು ಮೂರು ಎಂದು ಎಣಿಸಿದ್ದೆ.

ಓಡಿದೆ. ಅವ್ವನ ತಟ್ಟೆ ಖಾಲಿಯಾಗಿತ್ತು. ಎಲೆಗಳನ್ನಷ್ಟೇ ಬದಿಗೆ ತೆಗೆದಿಟ್ಟಿದ್ದಳು.

"ಯವ್ವಾ, ಕಹಿ ಹತ್ತಲಿಲ್ಲೇನು?"

"ಹತ್ತಿತು."

"ಮತ್ತ ಯಾಕ ತಿಂದಿ?"

"ಮುಂಜಾನೆ ನೀನ ಅಂದೆಲ್ಲ, ಬಾಯಿ ಮುಚ್ಚಿಕೊಂಡು ಉಣ್ಣು ಅಂತ."

ತಾನೂ ಬರುತ್ತೇನೆಂದು ಗಂಗಕ್ಕ ಅಂಗಳದಿಂದಲೇ ಗಂಡನನ್ನು ಕೂಗಿದಳು. "ಹ್ವಾಯ್, ಗಾಡಿ ತೆಗೀರಿ. ಸಿರ್ಸಿಗೆ ಹೋಗವು. ಆನೂ ಬರ್ತೆ."

ಕಾನಸೂರಿನಿಂದ ಶಿರಸಿಗೆ ಹೋಗುವ ರಸ್ತೆಯ ತಿರುವುಗಳನ್ನು ಅದುವರೆಗೆ ಚೆಂದವೆಂದು ನೋಡುತ್ತ ಹೋದವಳು ನಾನು. ನಮ್ಮ ಇಂಡಿಯ ರಸ್ತೆ ನೆಟ್ಟಗೆ, ಎದುರಿನ ಊರು ಮೊದಲೇ ಕಾಣುತ್ತದೆ. ಇಲ್ಲಿ ಒಂದು ತಿರುವು ಮುಗಿದರೆ ಮತ್ತೊಂದು ತಿರುವು, ಕಾಡು ಬಿಟ್ಟು ಬೇರೇನೂ ಕಾಣದು. ಹಿಂದಿನ ಸೀಟಿನಲ್ಲಿ ಅವ್ವನ ಬೆರಳುಗಳನ್ನು ಒಂದೊಂದಾಗಿ ಮಡಿಸಿ, ಬಿಡಿಸಿ ನೋಡುತ್ತಿದ್ದೆ. ಸ್ವಲ್ಪ ಬಿಗಿಯೆನಿಸಿದರೆ ಮತ್ತೆ ಮೊದಲಿನಿಂದ ಮಡಿಸುತ್ತಿದ್ದೆ. ಬಿಗಿಯಾಗಿದ್ದದ್ದು ನನ್ನ ಕೈಯೋ ಅವಳದೋ, ಅದೂ ತಿಳಿಯುತ್ತಿರಲಿಲ್ಲ.

"ಕುತ್ತಿಗಿ ಹಿಡದಂಗ ಆಗೇತೇನು?"

"ಇಲ್ಲ."

"ದವಡಿ?"

"ಎಷ್ಟು ಸಲ ಕೇಳ್ತೀ? ಇಲ್ಲ." ಆಮೇಲೆ ಗಂಗಕ್ಕನಿಗೆ ಕೇಳಿಸದ ಹಾಗೆ ಹೇಳಿದಳು: "ನನಗೇನರ ಆದ್ರ ಈ ಅಡವ್ಯಾಗ ಬಿಡಬ್ಯಾಡ. ನಮ್ಮೂರಿಗೆ ಒಯ್ದು ನಿಮ್ಮಪ್ಪನ ಮಗ್ಗಲಕ್ಕ ಮಣ್ಣು ಕೊಡು."

ಈ ಊರಿಗೆ ಹೊಂದಿಕೊಂಡೆ, ಇಲ್ಲಿನ ಮರ ಗುರುತಿಸಬಲ್ಲೆ ಎಂಬ ನನ್ನ ಜಂಬ ಅವ್ವನ ಹೊಟ್ಟೆಯಲ್ಲಿತ್ತು.

ಆಸ್ಪತ್ರೆಯ ಡಾಕ್ಟರು ಗಂಗಕ್ಕ ಜೊತೆಗೆ ತಂದಿದ್ದ ಬಟ್ಟಲಿನ ಎಲೆ ನೋಡಿ, ಅವ್ವನ ಮಂಡಿ ತಟ್ಟಿ, ಕಣ್ಣಿಗೆ ಬೆಳಕು ಬಿಟ್ಟು ನೋಡಿದರು. ಎಲೆ ಇಡಿಯಾಗಿ ಬೆಂದಿದೆ, ಅಗಿದಿಲ್ಲ, ಆದರೂ ಸಂಜೆಯವರೆಗೆ ಇಲ್ಲೇ ಇರಲಿ ಎಂದರು. ಪೂರ್ತಿ ಐದು ತಾಸು ಬೆಂಚಿನ ಮೇಲೆ ಕೂತೆವು. ಗಂಗಕ್ಕ ಊಟಕ್ಕೂ ಏಳಲಿಲ್ಲ. ನನ್ನ ತಪ್ಪಿನ ಬಗ್ಗೆ ಒಂದು ಮಾತೂ ಆಡಲಿಲ್ಲ. ಆಡಿದ್ದರೆ ಹಗುರಾಗುತ್ತಿತ್ತೇನೋ. ಸಂಜೆ ಡಾಕ್ಟರು ಅವ್ವನನ್ನು ನಡೆಸಿ ನೋಡಿ, ಕರೆದುಕೊಂಡು ಹೋಗಿ ಎಂದರು. ವರಾಂಡದಲ್ಲೇ ಅಳು ಬಂತು. ಅವ್ವ ಸೆರಗಿನಿಂದ ನನ್ನ ಮೂಗು ಒರೆಸಿ, "ನೆಗಡಿಗೆ ಔಷಧ ಕೇಳಿದೇನು?" ಎಂದಳು.

ಮುಂದಿನ ವಾರ ಅವ್ವ ಇಂಡಿಗೆ ಹೊರಟಳು. ಗಂಗಕ್ಕ ಕಟ್ಟಿಕೊಟ್ಟ ದಾಲ್ಚಿನ್ನಿ ಎಲೆಗಳನ್ನು ನೋಡಿದರೆ ಬೆದರುತ್ತಾಳೆ ಅಂದುಕೊಂಡಿದ್ದೆ. ಒಂದೊಂದನ್ನೂ ತಾನೇ ಮೂಸಿ ನೋಡಿ ಚೀಲಕ್ಕೆ ಹಾಕಿಕೊಂಡಳು.

ಊರು ಮುಟ್ಟಿದ ಮರುದಿನ ಫೋನು ಮಾಡಿದಾಗ ಅವಳ ಸುತ್ತ ಓಣಿಯ ಹೆಂಗಸರ ಗದ್ದಲ. ಎಲೆ ಹಂಚುತ್ತಿದ್ದಳೆಂದು ಕಾಣುತ್ತದೆ. ಯಾರೋ, "ಎಲ್ಲೀವು ಬೇ ಇವು, ಇಷ್ಟು ಘಮ ಅಂತಾವ?" ಎಂದದ್ದು ಕೇಳಿಸಿತು. ಅವ್ವ ಫೋನು ಹಿಡಿದುಕೊಂಡೇ ಹೇಳಿದಳು:

"ನನ್ನ ಮಗಳ ಊರಿನವು."

ಇದೊಂದು ಮಾತು ಅವಳ ಬಾಯಿಂದ ಬರಲೆಂದು ಎಷ್ಟೋ ದಿನದಿಂದ ಕಾದಿದ್ದೆ. ಬಂದಾಗ ಖುಷಿಯೇ ಆಯಿತು. ಆದರೆ ಆ ಓಣಿಯಲ್ಲಿ ಹುಟ್ಟಿದವಳು ನಾನು, ಅದು ನನ್ನದೂ ಊರಲ್ಲವೇ ಎಂದು ಕೇಳಬೇಕೆನಿಸಿತು. ಅಷ್ಟರಲ್ಲಿ ಅವ್ವ, ಬಂದವರಿಗೆ ಚಹಾ ಇಡಬೇಕೆಂದು ಫೋನಿಟ್ಟಿದ್ದಳು.