ಎಡಗೈ ನೂಲಿನ ಕಂಬಳಿ

ನಮ್ಮವ್ವ ಎಡಚಿ. ಇದನ್ನು ಮೊದಲೇ ಹೇಳಿಬಿಡುತ್ತೇನೆ, ಯಾಕೆಂದರೆ ಊರಿನವರು ಅವಳ ವಿಷಯ ಬಂದಾಗ ಮೊದಲು ಆಡುತ್ತಿದ್ದ ಮಾತೇ ಅದು. ಮೊಳಕಾಲ್ಮೂರು ಸೀಮೆಯ ನಮ್ಮ ಹಟ್ಟಿಯಲ್ಲಿ ಕುರಿ ಇಲ್ಲದ ಮನೆ ಇರಲಿಲ್ಲ, ಉಣ್ಣೆ ನೂಲದ ಹೆಂಗಸೂ ಇರಲಿಲ್ಲ. ಎಲ್ಲರೂ ಬಲಗೈಯಲ್ಲಿ ಕದಿರು ತಿರುಗಿಸಿದರೆ ಅವ್ವ ಎಡಗೈಯಲ್ಲಿ ತಿರುಗಿಸುತ್ತಿದ್ದಳು. ಹಾಗಾಗಿ ಅವಳ ನೂಲಿನ ಹುರಿಯೂ ಉಲ್ಟಾ. ಅದನ್ನು ಬೇರೆಯವರ ನೂಲಿಗೆ ಹೊಸೆದು ಸೇರಿಸಲು ಹೋದರೆ ಒಂದರ ಹುರಿ ಬಿಗಿಯುವಾಗ ಇನ್ನೊಂದರದು ಬಿಚ್ಚಿಕೊಳ್ಳುತ್ತಿತ್ತು.

ಅಪ್ಪ ಕಂಬಳಿ ನೇಯುವವನು. ಮದುವೆಯಾದ ಹೊಸದರಲ್ಲಿ ಈ ನೂಲಿನ ಜೊತೆ ಹೆಣಗಿ ಹೆಣಗಿ ಸಾಕಾಗಿ, ಕೊನೆಗೆ ತನ್ನ ಕೈಯ ರೂಢಿಯನ್ನೇ ಬದಲಿಸಿಕೊಂಡನಂತೆ. ಕಿತ್ತುಹೋದ ಎಳೆಯನ್ನು ಉಳಿದವರು ಅಂಗೈ ಮುಂದಕ್ಕೆ ಉಜ್ಜಿ ಹೊಸೆದರೆ ನಮ್ಮಪ್ಪ ಹಿಂದಕ್ಕೆ ಎಳೆದು ಹೊಸೆಯುತ್ತಿದ್ದ. ಕಟ್ಟಿಕೊಂಡವಳಿಗೆ ಅವನು ಮಾಡಿದ ಉಪಕಾರ ಅದೊಂದೇ ಎಂದು ಅವ್ವ ಆಗಾಗ ಚುಚ್ಚುತ್ತಿದ್ದಳು. ಅಪ್ಪ ಕೇಳಿಸಿಕೊಂಡು ನೇಯುತ್ತಲೇ ಇರುತ್ತಿದ್ದ. ಮಾತಿನಲ್ಲಿ ಆತ ಮಹಾ ಜಿಪುಣ.

ಎಡಚಿಯ ಹೊಟ್ಟೆಯಲ್ಲಿ ಹುಟ್ಟಿದ ನಾನೂ ಎಡಚಿಯೇ. ಆದರೆ ಅವ್ವ ನನ್ನನ್ನು ಹಾಗಿರಲು ಬಿಡಲಿಲ್ಲ. ಎಡಗೈಯಲ್ಲಿ ಮುದ್ದೆ ಮುರಿದರೆ ಏಟು, ಎಡಗೈಯಲ್ಲಿ ಕದಿರು ಮುಟ್ಟಿದರೆ ಸೌಟಿನ ಏಟು. ಆ ಸೌಟನ್ನು ತಾನು ಹಿಡಿಯುತ್ತಿದ್ದದ್ದು ಮಾತ್ರ ಎಡಗೈಯಲ್ಲೇ. ಅದು ಯಾವ ಸೀಮೆಯ ನ್ಯಾಯವೋ ನನಗೆ ಇವತ್ತಿಗೂ ತಿಳಿಯದು. ಇದನ್ನು ಬರೆದುಕೊಳ್ಳುತ್ತಿರುವ ಮೊಮ್ಮಗಳು ನಗುತ್ತಾಳೆ. ನಗಲಿ, ಏಟು ತಿಂದವಳು ನಾನು. ಒಮ್ಮೆ ತಡೆಯಲಾರದೆ ತಿರುಗಿ ಕೇಳಿಯೂ ಬಿಟ್ಟೆ, ನೀನು ಮಾಡಬಹುದು, ನಾನು ಮಾಡಬಾರದಾ ಎಂದು.

"ಅತ್ತೆ ಮನ್ಯಾಗೆ ನಾನು ಏನು ಪಟ್ಟೀನಿ ಅಂತ ನಿಂಗೇನು ಗೊತ್ತು," ಎಂದಳು. "ಎಡಗೈದು ಅಂತ ನಾನು ಕೊಟ್ಟ ನೀರು ಚೆಲ್ಲೋರು. ನಿಂಗೆ ಅದು ಬ್ಯಾಡ."

ಆಮೇಲೆ ನಾನು ಕೇಳಲಿಲ್ಲ. ಬಲಗೈ ನಿಧಾನಕ್ಕೆ ಪಳಗಿತು.

ನನಗೆ ಚಳ್ಳಕೆರೆ ಕಡೆಯ ಗಂಡು ಗೊತ್ತಾಯಿತು. ಮದುವೆಯಲ್ಲಿ ಹೆಣ್ಣು ಗಂಡು ಕೂರುವ ಗದ್ದಿಗೆಗೆ ಕರಿ ಕಂಬಳಿ ಹಾಸುವುದು ನಮ್ಮವರ ಪದ್ಧತಿ. ಅದು ಹೆಣ್ಣಿನ ಹೆತ್ತವ್ವ ನೂತದ್ದೇ ಆಗಬೇಕೆಂಬುದು ನಮ್ಮ ಮನೆಯ ಹಟ. ಅವ್ವ ಕರಿ ಉಣ್ಣೆ ಆರಿಸಿ ಹಿಂಜಿ ನೂಲಲು ಕೂತಳು. ಉದ್ದದ ಎಳೆಗಳಷ್ಟೂ ಆದವು. ಅಪ್ಪ ಅವನ್ನು ಬೀದಿಯುದ್ದಕ್ಕೆ ಕಟ್ಟಿ, ಹುಣಸೆ ಬೀಜದ ಗಂಜಿ ಬಳಿದು, ಒಣಗಿಸಿ ಮಗ್ಗಕ್ಕೆ ಏರಿಸಿದ. ಅಡ್ಡ ಎಳೆಯ ನೂಲು ಅರ್ಧದಷ್ಟು ಆಗುವ ಹೊತ್ತಿಗೆ ಅವ್ವನಿಗೆ ಜ್ವರ ಬಂತು. ಎದ್ದೇಳುತ್ತಾಳೆ ಎಂದುಕೊಂಡೆವು. ಏಳಲಿಲ್ಲ.

ಜಟಿಂಗ ರಾಮೇಶ್ವರದ ಬೆಟ್ಟ ಕಾಣುವ ನಮ್ಮ ಹೊಲದಲ್ಲೇ ಮಣ್ಣು ಮಾಡಿ ಬಂದರು. ಮನೆಯಲ್ಲಿ ಎಲ್ಲವೂ ಎಡಕ್ಕೇ ಇತ್ತು. ಒಲೆಯ ಎಡಕ್ಕೆ ಊದುಗೊಳವೆ, ಬೀಸುವ ಕಲ್ಲಿನ ಎಡಕ್ಕೆ ರಾಗಿಯ ಮೊರ, ಬಾಗಿಲ ಎಡಕ್ಕೆ ಪೊರಕೆ. ನಾನು ಬಲಗೈ ಚಾಚಿದಾಗಲೆಲ್ಲ ಬರೀ ಗೋಡೆ ಸಿಗುತ್ತಿತ್ತು. ಒಂದೊಂದು ಸಲ ಒಲೆಯ ಮುಂದೆ ಕೂತು ಅತ್ತುಬಿಡುತ್ತಿದ್ದೆ, ಹೊಗೆಯ ನೆಪ ಹೇಳಿಕೊಂಡು.

ತಿಥಿಯ ದಿನ ಕಳೆದ ಮೇಲೆ ಅಪ್ಪ ಮಗ್ಗದ ಗುಂಡಿಗೆ ಇಳಿದ. ಅವ್ವನ ನೂಲು ಇರುವವರೆಗೆ ನೇಯ್ದ, ಮುಗಿದಾಗ ಕೈ ಕಟ್ಟಿ ಕೂತ. ರಾಯದುರ್ಗದ ಕಡೆಗೆ ಕೊಟ್ಟಿದ್ದ ನನ್ನ ಸೋದರತ್ತೆ ಮದುವೆ ಕೆಲಸಕ್ಕೆಂದು ಬಂದಿದ್ದಳು. ಪಾಪ, ತಾನೇ ನೂತ ನೂಲು ತಂದುಕೊಟ್ಟಳು. ಅವಳದು ಬಲಗೈ ಹುರಿ, ಎಳೆಗೆ ಎಳೆ ಸೇರಲಿಲ್ಲ. ಹೇಗೋ ಗಂಟು ಹಾಕಿ ಗೇಣಗಲ ನೇಯ್ದರೆ ಅಷ್ಟೂ ಮುದುರಿಕೊಂಡು ನಿಂತಿತು. ಅಪ್ಪ ಅದನ್ನು ಬಿಚ್ಚಿಹಾಕಿದ. ಸೋದರತ್ತೆಗೆ ರೇಗಿತು, ರೇಗಿದರೆ ಅವಳು ತೆಲುಗಿಗೆ ಇಳಿಯುವವಳು. ಎಡ ಹುರಿಯ ನೂಲು ಶುಭಕ್ಕೆ ಆಗದು, ಲಗ್ನ ತಲೆ ಮೇಲೆ ಬಂದಿದೆ, ಇದನ್ನು ಕಿತ್ತೆಸೆದು ಚಳ್ಳಕೆರೆ ಸಂತೆಯಿಂದ ಒಂದು ಕಂಬಳಿ ತಂದು ಹಾಸಿ ಎಂದು ಎರಡೂ ಭಾಷೆಯಲ್ಲಿ ಕೂಗಾಡಿದಳು. ಅಪ್ಪ ಬಿಚ್ಚಿದ ನೂಲನ್ನು ಉಂಡೆ ಸುತ್ತುತ್ತಿದ್ದ. ಎಲ್ಲಿ ಹೂಂ ಎಂದುಬಿಡುತ್ತಾನೋ ಎಂದು ನನಗೆ ದಿಗಿಲು. ಅವ್ವನಂತೂ ನನ್ನ ಮದುವೆಗೆ ಬರುವುದಿಲ್ಲ, ಅವಳ ಕಂಬಳಿಯೂ ಬರಬಾರದೇ?

ಒಳಗೆ ಹೋಗಿ ಅವ್ವನ ಕದಿರು ತೆಗೆದುಕೊಂಡೆ. ಎಡಗೈಯಲ್ಲಿ ಹಿಡಿದೆ. ಸೌಟಿನ ಏಟು ಬಿತ್ತೆಂದು ಭುಜ ತಾನಾಗಿಯೇ ಕುಗ್ಗಿತು. ಏಟು ಬೀಳಲಿಲ್ಲ. ಬಿದ್ದಿದ್ದರೆ ಎಷ್ಟು ಚೆನ್ನಾಗಿತ್ತು ಎನಿಸಿತು.

ಮೊದಲ ದಿನದ ಎಳೆ ಒಂದು ಕಡೆ ದಪ್ಪ, ಒಂದು ಕಡೆ ಸಣ್ಣ. ಅದನ್ನೆಲ್ಲ ಬಿಸಾಡಿ ಮತ್ತೆ ಶುರುಮಾಡಿದೆ. ಬೀಗರ ಕಿವಿಗೆ ಬಿದ್ದರೆ ಗತಿಯೇನು ಎಂದು ಸೋದರತ್ತೆ ಹಣೆ ಚಚ್ಚಿಕೊಂಡಳು. ಬೀಳಲಿ ಎಂದೆ. ಬೇಕೆಂದೇ ಜಗುಲಿಯ ಮೇಲೆ, ದಾರಿಯಲ್ಲಿ ಹೋಗಿ ಬರುವವರ ಕಣ್ಣೆದುರಿಗೇ ಕೂತು ನೂತೆ. ಕೈಗೆ ಕೆಲಸ ಹೊಸದೆನಿಸಲಿಲ್ಲ. ಇಷ್ಟು ವರ್ಷ ಹೆದರಿ ಸುಮ್ಮನಿದ್ದ ಕೈ ಅದು. ಕೆಲವೇ ದಿನಕ್ಕೆ ಎಳೆ ಸಮನಾಯಿತು. ಉಂಡೆಯನ್ನು ಮಗ್ಗದ ಪಕ್ಕ ಇಟ್ಟು ಬಾಗಿಲಲ್ಲಿ ನಿಂತೆ. ಅಪ್ಪ ನನ್ನ ಎಳೆಯ ತುದಿಯನ್ನು ಅವ್ವನ ಎಳೆಯ ತುದಿಗೆ ಇಟ್ಟು, ಅಂಗೈ ಹಿಂದಕ್ಕೆ ಎಳೆದು ಹೊಸೆದ. ಜಗ್ಗಿ ನೋಡಿದ. ಹೊಸೆದದ್ದು ಬಿಡಲಿಲ್ಲ. ತಲೆ ಎತ್ತದೆ ನೇಯತೊಡಗಿದ.

ಮದುವೆಗೆ ಮುಂಚೆಯೇ ಕಂಬಳಿ ಮಗ್ಗದಿಂದ ಇಳಿಯಿತು. ಅಪ್ಪ ಅದನ್ನು ಅಂಗಳದಲ್ಲಿ ಹಾಸಿ, ಮಂಡಿಯೂರಿ, ಅಂಗೈಯಲ್ಲಿ ಸವರುತ್ತ ಈ ತುದಿಯಿಂದ ಆ ತುದಿಗೆ ಹೋದ. ತಿರುಗಿ ಬಂದು ಮತ್ತೆ ಸವರಿದ. ಹುಳುಕು ಹುಡುಕುತ್ತಿದ್ದಾನೆ ಎಂದು ನನಗೆ ಉರಿದುಹೋಯಿತು. ನನ್ನ ನೂಲು ಅಷ್ಟು ಕೆಟ್ಟಿದೆಯೇ ಎಂದು ಕೇಳಿಯೇಬಿಟ್ಟೆ.

"ಇಲ್ಲ ಕಣವ್ವಾ," ಎಂದ. ಕೈ ಇನ್ನೂ ಕಂಬಳಿಯ ಮೇಲೇ ಇತ್ತು. "ನಿಮ್ಮವ್ವಂದು ಎಲ್ಲಿಗೆ ಮುಗೀತು ಅಂತ ನೋಡ್ತಿದೀನಿ. ಸಿಗ್ತಾ ಇಲ್ಲ."

ನಾನೂ ಅವನ ಪಕ್ಕದಲ್ಲಿ ಮಂಡಿಯೂರಿದೆ. ಎಡಗೈ ಇಟ್ಟು ಹುಡುಕಿದೆ. ನನಗೂ ಸಿಗಲಿಲ್ಲ.