ವರ್ಷಕ್ಕೆ ಅರ್ಧ ಇಂಚು

ನಮ್ಮ ಭಾವ ಬಡಗಿ. ಬಾಯಿ ಸತ್ತ ಮನುಷ್ಯ. ಹತ್ತು ಮಾತಾಡಿದರೆ ಎಂಟು ಅಳತೆಯ ಮಾತೇ. ‘ಅಕ್ಕನನ್ನೂ ಟೇಪು ಹಿಡಿದು ನೋಡೇ ಒಪ್ಪಿದ್ರಾ ಭಾವ?’ ಎಂದು ನಾನು ರೇಗಿಸಿದರೆ, ನಕ್ಕುಬಿಡುತ್ತಿದ್ದರು.

ಅಕ್ಕನಿಗೆ ಸಂಧಿವಾತ ಅಂಟಿಕೊಂಡು ಹನ್ನೆರಡು ವರ್ಷವಾಯಿತು. ಎರಡೂ ಮಂಡಿ ಸವೆದಿವೆ, ಬದಲಾಯಿಸಲೇಬೇಕು ಎಂದು ಡಾಕ್ಟರು ಹೇಳುತ್ತಲೇ ಬಂದರು. ಅವಳದು ಒಂದೇ ಹಟ: ‘ಮನೇಲಿ ಕುರ್ಚಿಯಿಂದ ನಾನೇ ಏಳ್ತೀನಿ. ಏಳೋಕಾಗದ ದಿನ ಆಪರೇಷನ್ನಿಗೆ ಬರ್ತೀನಿ.’ ಆಸ್ಪತ್ರೆಯಲ್ಲಿ ಏಳಲಾಗದಿದ್ದರೆ ಅಲ್ಲಿನ ಕುರ್ಚಿ ತಗ್ಗು ಎಂದು ಬೈಯುತ್ತಿದ್ದಳು. ಕುಣಿಯಲಾರದವಳಿಗೆ ನೆಲ ಡೊಂಕು ಎಂದು ನಾನು ನಗುತ್ತಿದ್ದೆ.

ಈ ಸಲ ಡಾಕ್ಟರು ಬಿಡಲಿಲ್ಲ. ಆಪರೇಷನ್ ಆದಮೇಲೆ ಮನೆಯಲ್ಲಿ ಏನೇನು ಬೇಕಾದೀತು ಎಂದು ನೋಡಿ ಬರಲು ನರ್ಸನ್ನು ಕಳಿಸಿದರು. ಅಕ್ಕ ಇನ್ನೂ ಒಪ್ಪಿಗೆಗೆ ಸಹಿ ಹಾಕಿರಲಿಲ್ಲ. ನರ್ಸ್ ಹೊಸಿಲು, ಬಚ್ಚಲು ನೋಡಿ, ಕುರ್ಚಿಗೆ ಟೇಪು ಹಿಡಿದಳು.

‘ಇಪ್ಪತ್ತು ಇಂಚು! ಆಪರೇಷನ್ ಆದವರಿಗೆ ನಾವು ಹೇಳೋ ಎತ್ತರ. ಮೊದಲೇ ಮಾಡ್ಸಿಬಿಟ್ರಾ?’

‘ಇಲ್ವಲ್ಲ. ಮದುವೆಯಾದ ವರ್ಷ ಇವರೇ ಮಾಡಿದ ಕುರ್ಚಿ. ಮೊದಲಿಂದ ಹೀಗೇ ಇದೆ,’ ಎಂದಳು ಅಕ್ಕ.

ನಾನು ಬಗ್ಗಿ ನೋಡಿದೆ. ಒಂದೊಂದು ಕಾಲಿನ ಕೆಳಗೂ ಒಂದರ ಮೇಲೊಂದು ಮರದ ತುಂಡು, ಕುರ್ಚಿಯದೇ ಬಣ್ಣ. ಕಾಲಿಗೆ ಎಂಟಿದ್ದವು. ಮಂಚಕ್ಕೂ ಎಂಟು.

‘ವರ್ಷಕ್ಕೆ ಅರ್ಧ ಇಂಚು,’ ಎಂದರು ಭಾವ, ನೆಲ ನೋಡುತ್ತ. ‘ಏಳೋಕೆ ಒದ್ದಾಡ್ತಿದ್ಲು. ನೋಡೋಕಾಗ್ಲಿಲ್ಲ.’

ನನಗೆ ಸಿಟ್ಟು ಬರಬೇಕಿತ್ತು, ಬರಲಿಲ್ಲ. ಅಯ್ಯೋ ಅನ್ನಿಸಬೇಕಿತ್ತು, ಅದೂ ಇಲ್ಲ. ಅಕ್ಕನ ಮುಖದಲ್ಲೂ ಏನೂ ಇರಲಿಲ್ಲ.

‘ತೆಗೀರಿ ಅವನ್ನ,’ ಎಂದಳು.

ಭಾವ ಸುತ್ತಿಗೆ ತಂದು ಕುರ್ಚಿಯ ತುಂಡುಗಳನ್ನೆಲ್ಲ ಬಿಡಿಸಿದರು. ಅಕ್ಕ ಕೂತಳು. ಕೈ ಊರಿ ಏಳಲು ನೋಡಿದಳು. ಮತ್ತೊಮ್ಮೆ. ಮೂರನೇ ಸಲ ಭಾವ ಕೈ ಚಾಚಿದರು, ಅವಳು ಹಿಡಿಯಲಿಲ್ಲ.

‘ಪೆನ್ ಕೊಡಿ ಸಿಸ್ಟರ್.’

ಸಹಿಯಾಯಿತು. ಕಾಗದ ಮಡಿಸುತ್ತ ನರ್ಸ್ ಭಾವನಿಗೆ ಹೇಳಿದಳು: ‘ಆ ತುಂಡು ಎಸೀಬೇಡಿ. ಆಪರೇಷನ್ ಆಗಿ ಮೂರು ತಿಂಗಳು ಮತ್ತೆ ಆ ಇಪ್ಪತ್ತು ಇಂಚೇ ಇರ್ಲಿ. ಆಮೇಲೆ ಕಾಲಿಗೆ ಬಲ ಬಂದ ಹಾಗೆ ಒಂದೊಂದೇ ತೆಗೀರಿ.’

ಭಾವ ತಲೆಯಾಡಿಸಿ ತುಂಡುಗಳನ್ನು ಆಯ್ದುಕೊಳ್ಳತೊಡಗಿದರು. ಅಕ್ಕ ಆ ತಗ್ಗು ಕುರ್ಚಿಯಲ್ಲೇ ಇದ್ದಳು.

‘ರೀ,’ ಎಂದಳು, ‘ತೆಗೆಯೋವಾಗ ನಂಗೆ ಹೇಳಿ ತೆಗೀರಿ.’